ಬ್ರಾಡ್ ಸ್ಟ್ರೀಟಿನಿಂದ ಪಾರ್ಕ್ಸ್ ರೋಡಿಗೆ, ಸುತ್ತುದಾರಿಯಲ್ಲಿ

ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಪೂರ್ವಕ್ಕೆ ನಡೆದು ತುದಿಯಲ್ಲಿ ಎಡಕ್ಕೆ ಹೊರಳಿದರೆ ಪಾರ್ಕ್ಸ್ ರೋಡ್. ಆರಾಮಾಗಿ ನಡೆದರೂ ಹತ್ತು ನಿಮಿಷದ ದಾರಿ. ಈ ಊರಿನ ಹಾಫ್ ಮ್ಯಾರಥಾನ್ ಹೊರಡುವುದು ಬ್ರಾಡ್ ಸ್ಟ್ರೀಟಿನಲ್ಲಿ, ಮುಗಿಯುವುದು ಪಾರ್ಕ್ಸ್ ರೋಡಿನಲ್ಲಿ. ನಡುವೆ ಊರಿನ ಉತ್ತರ ಭಾಗವನ್ನೆಲ್ಲ ಸುತ್ತಿಸಿ 21.0975 ಕಿ.ಮೀ. ಮಾಡಿಟ್ಟಿದ್ದಾರೆ. ದಾರಿ ಹೆಚ್ಚುಕಡಿಮೆ ಸಪಾಟು. ನಂದಿ ಬೆಟ್ಟದ ಮಾತು ಬಿಡಿ, ಮಲ್ಲೇಶ್ವರದ ಏರಿನಷ್ಟೂ ಇಲ್ಲ. ಆದರೂ ಓಡಿ ಬಂದವರನ್ನು ಕೇಳಿ ನೋಡಿ, ಕಾಲಿನ ಕಥೆಗಿಂತ ಕಾದ ಕಥೆಯೇ ಹೆಚ್ಚು: ವೀಸಾಕ್ಕೆ ಕಾದದ್ದು, ಬಿಬ್‌ಗೆ (ಎದೆಗೆ ಚುಚ್ಚಿಕೊಳ್ಳುವ ಓಟದ ಸಂಖ್ಯೆಯ ಚೀಟಿಗೆ) ಕಾದದ್ದು, ಚಳಿಯಲ್ಲಿ ಟಾಯ್ಲೆಟ್ ಸಾಲಿನಲ್ಲಿ ನಿಂತು ಕಾದದ್ದು. ತೊಡೆಯ ನೋವು ಇಳಿಯುವ ಮೊದಲೇ, ಮುಂದಿನ ಅಕ್ಟೋಬರಿಗೆ ಹೊರಡುವವರಿಗಾಗಿ ಇದಿಷ್ಟು.

ಓಟ ಅಕ್ಟೋಬರಿನ ನಡುವಿನ ಒಂದು ಭಾನುವಾರ. ನೋಂದಣಿ ಹತ್ತು-ಹನ್ನೊಂದು ತಿಂಗಳು ಮೊದಲೇ ತೆರೆದಿರುತ್ತದೆ, ಬೇಸಿಗೆಯ ಹೊತ್ತಿಗೆ ಜಾಗ ತುಂಬುತ್ತ ಬರುತ್ತದೆ. ಸಾಮಾನ್ಯ ಪ್ರವೇಶಕ್ಕೆ ಅರವತ್ತು ಪೌಂಡಿನ ಆಸುಪಾಸು ಖರ್ಚು. ಇಂಗ್ಲೆಂಡಿನ ಯಾವುದಾದರೂ ನೋಂದಾಯಿತ ಓಟದ ಕ್ಲಬ್ಬಿನ ಸದಸ್ಯರಾಗಿದ್ದರೆ ಎರಡು ಪೌಂಡ್ ಕಡಿಮೆ. ಅಲ್ಲಿ ಓದುತ್ತಲೋ ಕೆಲಸದಲ್ಲೋ ಇರುವವರು ಆ ಸದಸ್ಯತ್ವದ ಸಂಖ್ಯೆ ಹಾಕಲು ಮರೆಯಬೇಡಿ. ಜಾಗ ಮುಗಿದಿದ್ದರೆ ಉಳಿಯುವುದು ಚಾರಿಟಿ ದಾರಿ. ಯಾವುದೋ ಸೇವಾಸಂಸ್ಥೆಯ ಹೆಸರಿನಲ್ಲಿ ಓಡುತ್ತೀರಿ, ಪ್ರವೇಶ ಶುಲ್ಕ ಕಡಿಮೆ, ಆದರೆ ಇನ್ನೂರು-ಮುನ್ನೂರು ಪೌಂಡ್ ಚಂದಾ ಎತ್ತಿ ಕೊಡುವ ಮಾತು ಕೊಡಬೇಕು. ಪರದೇಶದಲ್ಲಿ ಪರಿಚಯಸ್ಥರು ಕಡಿಮೆ ಇರುವವರಿಗೆ ಇದು ಓಟಕ್ಕಿಂತ ಕಷ್ಟದ ಕೆಲಸ. ಮಾತು ಕೊಡುವ ಮೊದಲು ನಿಜವಾಗಿ ಯಾರು ಯಾರು ಕೊಡುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ಕೂಡಿಸಿ ನೋಡಿ.

ನೋಂದಣಿಯ ಅರ್ಜಿಯಲ್ಲಿ ಎಲ್ಲರೂ ಆತುರದಲ್ಲಿ ತುಂಬುವ ಎರಡು ಕಲಂಗಳಿವೆ. ಒಂದು, ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ ಎಂಬುದು. ಯಾವ ಗುಂಪಿನಲ್ಲಿ, ಅಂದರೆ ಯಾವ ವೇವ್‌ನಲ್ಲಿ ಹೊರಡುತ್ತೀರಿ ಎನ್ನುವುದು ಇದರ ಮೇಲೆ ನಿಂತಿದೆ. ಜಂಬಕ್ಕೆ 1 ಗಂಟೆ 50 ನಿಮಿಷ ಎಂದು ಬರೆದು ವಾಸ್ತವದಲ್ಲಿ 2 ಗಂಟೆ 20 ನಿಮಿಷದವರಾದರೆ, ಮೊದಲ ಮೂರು ಕಿಲೋಮೀಟರ್ ಪೂರ್ತಿ ಜನ ನಿಮ್ಮನ್ನು ದಾಟಿಕೊಂಡು ಹೋಗುತ್ತಲೇ ಇರುತ್ತಾರೆ, ನೀವು ಅವರ ಹಿಂದೆ ಓಡಿ ಏದುಸಿರು ಬಿಡುತ್ತೀರಿ. ಆಮೇಲೆ ಹಿಂದಿನ ವೇವ್‌ಗೆ ಇಳಿಯಲು ಯಾರೂ ಬೇಡವೆನ್ನುವುದಿಲ್ಲ. ಮುಂದಿನದಕ್ಕೆ ಹೋಗಲು ಬಿಡುವುದಿಲ್ಲ. ಇನ್ನೊಂದು, ತುರ್ತು ಸಂಪರ್ಕದ ಸಂಖ್ಯೆ. ಜೊತೆಯಲ್ಲೇ ಓಡುತ್ತಿರುವ ಗಂಡನದೋ ಹೆಂಡತಿಯದೋ ಕೊಟ್ಟರೆ ಪ್ರಯೋಜನವಿಲ್ಲ, ಆ ಫೋನ್ ಬ್ಯಾಗ್ ಡ್ರಾಪ್‌ನಲ್ಲಿ, ಅಂದರೆ ಓಟ ಮುಗಿಯುವವರೆಗೆ ಚೀಲ ಒಪ್ಪಿಸಿಡುವ ಜಾಗದಲ್ಲಿ, ಇರುತ್ತದೆ. ಮೈಸೂರಿನ ಅಮ್ಮನದು ಕೊಟ್ಟರೆ ಅವರಿಗೆ ಗಾಬರಿಯಷ್ಟೇ. ಓಡದೆ ಬದಿಯಲ್ಲಿ ನಿಲ್ಲುವವರದೋ ಇಂಗ್ಲೆಂಡಿನಲ್ಲೇ ಇರುವ ಗೆಳೆಯರದೋ ಕೊಡಿ.

ಭಾರತದಿಂದ ಹೋಗುವವರಿಗೆ ವೀಸಾ. ಹವ್ಯಾಸಿಗಳು ಓಟದಲ್ಲಿ ಭಾಗವಹಿಸಲು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು, ಕ್ರೀಡೆಗೆಂದು ಬೇರೆ ವೀಸಾ ಬೇಡ. 2025ರ ಏಪ್ರಿಲ್‌ನಲ್ಲಿ ಆರು ತಿಂಗಳ ವೀಸಾದ ಶುಲ್ಕ 127 ಪೌಂಡ್‌ಗೆ ಏರಿತು. ಅರ್ಜಿ ಹಾಕುವ ದಿನದ ದರ ನೋಡಿಕೊಳ್ಳಿ. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಹಾಗಾಗಿ ಅಕ್ಟೋಬರ್ ಓಟಕ್ಕೆ ಜುಲೈ ನಡುವಿನಿಂದ ಬಾಗಿಲು ತೆರೆಯುತ್ತದೆ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ. ತೊಂದರೆ ಏನೆಂದರೆ ಜುಲೈ-ಆಗಸ್ಟ್‌ನಲ್ಲೇ ಸೆಪ್ಟೆಂಬರಿಗೆ ಕಾಲೇಜು ಸೇರುವ ವಿದ್ಯಾರ್ಥಿಗಳೆಲ್ಲ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಸಾಲು ನಿಂತಿರುತ್ತಾರೆ, ಸಮಯ ಸಿಗುವುದೇ ತಡ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆಫೀಸಿನ ರಜೆ ಪತ್ರ, ಉಳಿಯುವ ಜಾಗದ ಬುಕಿಂಗ್, ಇವುಗಳ ಜೊತೆಗೆ ಓಟದ ನೋಂದಣಿಯ ಇಮೇಲನ್ನೂ ಮುದ್ರಿಸಿ ಇಡಿ. ಅದು ಇದೆಯೆಂದು ವೀಸಾ ಸಿಗುವುದಿಲ್ಲ, ಆದರೆ ಯಾಕೆ ಬರುತ್ತಿದ್ದೀರಿ ಎಂಬ ಪ್ರಶ್ನೆಗೆ ಒಂದೇ ಹಾಳೆಯಲ್ಲಿ ಉತ್ತರ ಸಿಗುತ್ತದೆ. ಬ್ಯಾಂಕ್ ಖಾತೆಗೆ ಅರ್ಜಿಯ ಹಿಂದಿನ ವಾರ ಯಾರಿಂದಲೋ ದೊಡ್ಡ ಮೊತ್ತ ಬಂದು ಕೂತಿದ್ದರೆ ಅದಕ್ಕೆ ಕಾರಣ ತೋರಿಸುವ ಕಾಗದವೂ ಬೇಕು. ನಿರಾಕರಣೆಗೆ ಇದು ಹಳೆಯ, ಮಾಮೂಲಿ ಕಾರಣ. ಇನ್ನೊಂದು ಮಾತು: ವೀಸಾ ಬರಲಿಲ್ಲವೆಂದು ಓಟದ ಶುಲ್ಕ ವಾಪಸ್ ಬರುವುದನ್ನು ನಂಬಿಕೊಳ್ಳಬೇಡಿ. ನೋಂದಣಿಯ ಹೊತ್ತಿನಲ್ಲೇ ಮುಂದಿನ ವರ್ಷಕ್ಕೆ ವರ್ಗಾಯಿಸುವ ಅವಕಾಶ ಯಾವ ತಾರೀಕಿನವರೆಗೆ ಇದೆ ಎಂದು ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಯಾಣ ವಿಮೆ ಮಾಡಿಸುವಾಗ ಪಾಲಿಸಿಯ ಸಣ್ಣ ಅಕ್ಷರ ಓದಿ; ಸ್ಪರ್ಧೆಯ ಓಟವನ್ನು ಹೊರಗಿಟ್ಟ ಪಾಲಿಸಿಗಳಿವೆ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗದ ಮೊದಲ ಚಿಕಿತ್ಸೆ ಸಂದರ್ಶಕರಿಗೂ ಉಚಿತ. ಆದರೆ ವಾರ್ಡಿಗೆ ದಾಖಲಾದ ಕ್ಷಣದಿಂದ ಬಿಲ್ಲು ಓಡತೊಡಗುತ್ತದೆ.

ಇನ್ನು ತಂಗುವುದು. ಇಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಅಡಚಣೆ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಅವಧಿ, ಮಿಕಲ್ಮಸ್ ಟರ್ಮ್, ಶುರುವಾಗುವುದೂ ಅಕ್ಟೋಬರಿನ ಇದೇ ದಿನಗಳಲ್ಲಿ. ಮಕ್ಕಳನ್ನು ಬಿಡಲು ಬಂದ ಅಪ್ಪ-ಅಮ್ಮಂದಿರು ಹೋಟೆಲುಗಳನ್ನು ಹಿಡಿದಿರುತ್ತಾರೆ. ರಜೆಯಲ್ಲಿ ಅಗ್ಗಕ್ಕೆ ಸಿಗುವ ಕಾಲೇಜು ಕೋಣೆಗಳಲ್ಲಿ ವಿದ್ಯಾರ್ಥಿಗಳು ಬಂದು ಸೇರಿರುತ್ತಾರೆ. ಹಾಗಾಗಿ ಕೋಣೆಯನ್ನು ಓಟದ ನೋಂದಣಿಯ ದಿನವೇ, ರದ್ದು ಮಾಡಬಹುದಾದ ದರದಲ್ಲಿ ಹಿಡಿಯುವುದು ಜಾಣತನ. ಲಂಡನ್ನಿನಲ್ಲಿ ಉಳಿದು ಬೆಳಿಗ್ಗೆ ರೈಲಿನಲ್ಲಿ ಬರುತ್ತೇವೆ ಎನ್ನುವ ಯೋಚನೆ ಕಾಗದದ ಮೇಲೆ ಚೆಂದ. ಪ್ಯಾಡಿಂಗ್ಟನ್‌ನಿಂದ ಸುಮಾರು ಒಂದು ಗಂಟೆ, ಮೆರಿಲ್‌ಬೋನ್‌ನಿಂದ ಸ್ವಲ್ಪ ಹೆಚ್ಚು. ಆದರೆ ಭಾನುವಾರ ಅಲ್ಲಿ ರೈಲುಗಳು ತಡವಾಗಿ ಏಳುತ್ತವೆ, ಹಳಿ ದುರಸ್ತಿಯನ್ನೂ ಭಾನುವಾರಕ್ಕೇ ಇಟ್ಟುಕೊಳ್ಳುತ್ತಾರೆ. ಮೊದಲ ರೈಲು ಹಿಡಿದು ಬಂದು ಬ್ಯಾಗ್ ಡ್ರಾಪ್ ಮುಚ್ಚುವುದರೊಳಗೆ ತಲುಪುವ ಭರವಸೆ ಇಲ್ಲ. ಹಗಲಿರುಳು ಓಡುವ ಲಂಡನ್-ಆಕ್ಸ್‌ಫರ್ಡ್ ಕೋಚ್ ಬಸ್ಸು ಇದಕ್ಕಿಂತ ನಂಬಿಕಸ್ಥ, ಆದರೆ ನಸುಕಿನ ನಾಲ್ಕಕ್ಕೆ ಏಳಬೇಕು. ಕಾರಿನವರಂತೂ ಊರೊಳಗೆ ನುಗ್ಗುವ ಆಲೋಚನೆಯನ್ನೇ ಬಿಡಿ. ಓಟಕ್ಕೆ ಮುಚ್ಚಿದ ರಸ್ತೆಗಳು ಒಂದು ಕಡೆ. 2022ರಿಂದ ನಡುಊರಿನ ಕೆಲವು ಬೀದಿಗಳು ಹೊಗೆರಹಿತ ವಲಯ, ಕ್ಯಾಮೆರಾ ನೋಡಿ ದಂಡ ಮನೆಗೆ ಬರುತ್ತದೆ. ರೆಡ್‌ಬ್ರಿಡ್ಜ್, ಸೀಕೋರ್ಟ್, ಪಿಯರ್ ಟ್ರೀ, ಥಾರ್ನ್‌ಹಿಲ್ ಮುಂತಾಗಿ ಊರಿನ ಅಂಚಿನಲ್ಲಿ ಕಾರು ಬಿಟ್ಟು ಬಸ್ ಹತ್ತುವ ಜಾಗಗಳಿವೆ. ಭಾನುವಾರದ ಮೊದಲ ಬಸ್ಸಿನ ಹೊತ್ತು ಮಾತ್ರ ಮೊದಲೇ ನೋಡಿಕೊಂಡಿರಿ.

ತಯಾರಿಯ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ. 12 ವಾರ, ವಾರಕ್ಕೆ ಮೂರು-ನಾಲ್ಕು ಓಟ, ಅದರಲ್ಲಿ ಒಂದು ಲಾಂಗ್ ರನ್. ಅತಿ ಉದ್ದದ್ದು 16ರಿಂದ 18 ಕಿ.ಮೀ., ಅದು ಓಟಕ್ಕೆ ಎರಡು ವಾರ ಮೊದಲು ಮುಗಿದಿರಬೇಕು. ನಮ್ಮವರು ಗಮನಿಸಬೇಕಾದದ್ದು ಬೇರೆ. ಆ ದೇಶದಲ್ಲಿ ದಾರಿಬದಿಯ ಫಲಕಗಳೆಲ್ಲ ಮೈಲಿಯಲ್ಲಿ. ಕಿಲೋಮೀಟರ್ ಲೆಕ್ಕದಲ್ಲಿ ಪಳಗಿದ ತಲೆ 9ನೇ ಮೈಲಿಯ ಹತ್ತಿರ, ದಣಿದ ಹೊತ್ತಿನಲ್ಲಿ, 1.609ರಿಂದ ಗುಣಿಸಲು ಹೋಗಿ ಸೋಲುತ್ತದೆ. ಒಟ್ಟು 13.1 ಮೈಲಿ. 2 ಗಂಟೆಗೆ ಮುಗಿಸಬೇಕಾದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್, ಮೈಲಿಗೆ 9 ನಿಮಿಷ 9 ಸೆಕೆಂಡ್. 2:15ಕ್ಕೆ ಕಿಲೋಮೀಟರಿಗೆ 6:24, ಮೈಲಿಗೆ 10:18. 2:30ಕ್ಕೆ 7:07 ಮತ್ತು 11:27. ನಿಮ್ಮ ಗುರಿಯ 3, 6, 9, 12ನೇ ಮೈಲಿಯ ಹೊತ್ತನ್ನು ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಳ್ಳಿ. ವಾಚು ಕೈಕೊಟ್ಟರೂ ಅದು ಉಳಿಯುತ್ತದೆ. ಅಂದಹಾಗೆ ಕೊನೆಯಲ್ಲಿ ವಾಚು 21.3 ತೋರಿಸಿದರೆ ದಾರಿ ತಪ್ಪಾಗಿ ಅಳೆದಿದ್ದಾರೆಂದು ಜಗಳಕ್ಕೆ ಹೋಗಬೇಡಿ. ಅಧಿಕೃತ ಅಳತೆ ತಿರುವುಗಳ ಒಳಅಂಚಿನಲ್ಲಿ, ಅತಿ ಹತ್ತಿರದ ಗೆರೆಯಲ್ಲಿ ನಡೆಯುತ್ತದೆ. ನಾವು ಜನರನ್ನು ಬಳಸಿ, ನೀರಿನ ಮೇಜಿಗೆ ಅಡ್ಡ ಹಾಯ್ದು ಓಡಿರುತ್ತೇವೆ.

ಬಿಬ್ ಸಾಮಾನ್ಯವಾಗಿ ಬ್ರಿಟನ್ನಿನ ವಿಳಾಸಗಳಿಗೆ ಅಂಚೆಯಲ್ಲಿ, ಎರಡು ಮೂರು ವಾರ ಮೊದಲು ಬರುತ್ತದೆ. ಮನೆ ಬದಲಿಸಿದವರು ವಿಳಾಸ ಬದಲಿಸಲು ಮರೆತು ಒದ್ದಾಡುವುದು ಪ್ರತಿ ವರ್ಷದ ಕಥೆ. ಬಂದ ತಕ್ಷಣ ಹಿಂಭಾಗ ತಿರುವಿ ಹೆಸರು, ತುರ್ತು ಸಂಖ್ಯೆ, ಕಾಯಿಲೆ, ಔಷಧ, ಅಲರ್ಜಿ ಬರೆಯಿರಿ. ಅಸ್ತಮಾ, ಸಕ್ಕರೆ ಕಾಯಿಲೆ ಇರುವವರು ಇದನ್ನು ಮುಚ್ಚಿಟ್ಟು ಸಾಧಿಸುವುದೇನೂ ಇಲ್ಲ. ಹಿಂದೆ ಅಂಟಿಸಿರುವ ತೆಳ್ಳನೆಯ ಪಟ್ಟಿಯೇ ಹೊತ್ತು ಅಳೆಯುವ ಚಿಪ್. ಅದನ್ನು ಮಡಚಬಾರದು, ಪಿನ್ ಚುಚ್ಚಬಾರದು, ಮೇಲೆ ಜಾಕೆಟ್ ಅಥವಾ ಫೋನಿನ ಬೆಲ್ಟ್ ಬರಬಾರದು. ಬಿಬ್ ಎದೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಸೇಫ್ಟಿ ಪಿನ್. ಕಾಲು ಉಳುಕಿ ಓಡಲಾಗದಿದ್ದರೆ ಬಿಬ್ಬನ್ನು ಗೆಳೆಯನ ಕೈಗೆ ಕೊಟ್ಟು ಕಳಿಸುವ ಔದಾರ್ಯ ಬೇಡ. ಅವನು ದಾರಿಯಲ್ಲಿ ಕುಸಿದರೆ ವೈದ್ಯರು ಓದುವುದು ನಿಮ್ಮ ಅಲರ್ಜಿಯ ವಿವರ.

ಶನಿವಾರ ಮಧ್ಯಾಹ್ನ ಒಂದು ಸಲ ಬ್ರಾಡ್ ಸ್ಟ್ರೀಟಿಗೆ ಹೋಗಿ ಬನ್ನಿ, ಯಾಕೆಂದರೆ ಭಾನುವಾರ ಅಲ್ಲಿ ಏನೂ ಕಾಣುವುದಿಲ್ಲ, ಬರೀ ಬೆನ್ನುಗಳು. ಬೇಲಿಯಲ್ ಕಾಲೇಜಿನ ಮುಂದೆ, ರಸ್ತೆಯ ನಡುವೆ ಕಲ್ಲಿನಲ್ಲಿ ಕೂಡಿಸಿದ ಒಂದು ಶಿಲುಬೆಯ ಗುರುತಿದೆ. 1555ರಲ್ಲಿ ಲ್ಯಾಟಿಮರ್ ಮತ್ತು ರಿಡ್ಲಿ, ಮರುವರ್ಷ ಕ್ರ್ಯಾನ್ಮರ್, ಮೂವರು ಧರ್ಮಗುರುಗಳನ್ನು ಮೇರಿ ರಾಣಿಯ ಆಳ್ವಿಕೆಯಲ್ಲಿ ಸುಟ್ಟ ಜಾಗ. ಮರುದಿನ ಸಾವಿರಾರು ಜನ ಅದರ ಆಸುಪಾಸಿನಲ್ಲೇ ನಿಂತು ಶೂ ಲೇಸು ಬಿಗಿಮಾಡಿಕೊಳ್ಳುತ್ತಾರೆ. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಕ್ರಿಸ್ಟೊಫರ್ ರೆನ್ ವಿನ್ಯಾಸ ಮಾಡಿದ ಶೆಲ್ಡೋನಿಯನ್ ಸಭಾಭವನ, ಬೇಲಿಗುಂಟ ಗಡ್ಡದ ಕಲ್ಲುತಲೆಗಳು. ಹತ್ತಿರದಲ್ಲೇ ಆಕ್ಸ್‌ಫರ್ಡ್ ಯೂನಿಯನ್. ಗಿರೀಶ ಕಾರ್ನಾಡರು ವಿದ್ಯಾರ್ಥಿಯಾಗಿದ್ದಾಗ ಅಧ್ಯಕ್ಷರಾಗಿದ್ದ ಚರ್ಚಾಸಂಘ. ನೋಡಿ, ಆದರೆ ಎರಡು ಗಂಟೆಗಿಂತ ಹೆಚ್ಚು ಅಲೆಯಬೇಡಿ. ಹಿಂದಿನ ದಿನ ಊರು ನೋಡುವ ಉತ್ಸಾಹದಲ್ಲಿ 15 ಕಿ.ಮೀ. ನಡೆದು ಮರುದಿನ ಕಾಲು ಕಲ್ಲಾಯಿತೆಂದು ಗೋಳಾಡುವವರೇ ಹೆಚ್ಚು.

ಶನಿವಾರದ ಇನ್ನೊಂದು ಕೆಲಸ, ಎಸೆಯಲೊಂದು ಸ್ವೆಟರ್ ಕೊಳ್ಳುವುದು. ಅಕ್ಟೋಬರ್ ನಡುವಿನಲ್ಲಿ ಅಲ್ಲಿ ಬೆಳಕು ಹರಿಯುವುದೇ ಏಳೂವರೆಯ ಹೊತ್ತಿಗೆ. ಬೆಳಗಿನ ಉಷ್ಣತೆ 7-8 ಡಿಗ್ರಿ. ಬ್ಯಾಗ್ ಒಪ್ಪಿಸಿದ ಮೇಲೆ ಹೊರಡುವವರೆಗೆ ಮುಕ್ಕಾಲು ಗಂಟೆ ತೆಳು ಬನಿಯನ್ನಿನಲ್ಲಿ ನಿಲ್ಲಬೇಕು. ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಗಳಲ್ಲಿ ನಾಲ್ಕೈದು ಪೌಂಡಿಗೆ ಉಣ್ಣೆಯದೇ ಸಿಗುತ್ತದೆ. ಓಟ ಶುರುವಾಗುವಾಗ ಕಳಚಿ ಬದಿಗೆ ಹಾಕಿದರೆ, ಅವೆಲ್ಲ ಸಾಮಾನ್ಯವಾಗಿ ಮತ್ತೆ ಚಾರಿಟಿಗೇ ಹೋಗುತ್ತವೆ. ಈ ಬಗೆಯ ಅಂಗಡಿಗಳನ್ನು ಲೋಕಕ್ಕೆಲ್ಲ ಪರಿಚಯಿಸಿದ ಆಕ್ಸ್‌ಫ್ಯಾಮ್ 1942ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ, ಅದರ ಮೊದಲ ಕಾಯಂ ಅಂಗಡಿ ತೆರೆದದ್ದು ಇದೇ ಬ್ರಾಡ್ ಸ್ಟ್ರೀಟಿನಲ್ಲಿ. ಸ್ವೆಟರ್ ಬೇಡವೆನ್ನುವವರು ಕಸದ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತಲೆ, ಕೈ ತೂರುವಷ್ಟು ತೂತು ಮಾಡಿ ಹಾಕಿಕೊಳ್ಳುತ್ತಾರೆ. ನೋಡಲು ವೇಷದಂತಿದ್ದರೂ ಮಳೆಗೆ ಇದೇ ಒಳ್ಳೆಯದು.

ಓಡುವ ಬಟ್ಟೆಯ ಲೆಕ್ಕ ಬೇರೆ. ಹೊರಗೆ 8 ಡಿಗ್ರಿ ಇದ್ದರೆ 18 ಡಿಗ್ರಿಗೆ ಯಾವ ಬಟ್ಟೆ ಹಾಕುತ್ತೀರೋ ಅದನ್ನೇ ಹಾಕಿ, ಎರಡು ಕಿಲೋಮೀಟರಿನಲ್ಲಿ ಮೈ ಬಿಸಿಯಾಗುತ್ತದೆ. ಚಳಿಗೆ ಹೆದರಿ ದಪ್ಪ ಜಾಕೆಟ್ಟಿನಲ್ಲಿ ಹೊರಟವರು ಐದನೇ ಕಿಲೋಮೀಟರಿಗೆ ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಬಿಬ್ ಮುಚ್ಚಿ, ಚಿಪ್ ದಾಖಲಾಗದೆ ಪೇಚಾಡುತ್ತಾರೆ. ತೆಳು ಕೈಗವಸು ಮಾತ್ರ ಇರಲಿ. ತೊಡೆ ಸಂದು, ಕಂಕುಳು, ಗಂಡಸರಾದರೆ ಎದೆಯ ತೊಟ್ಟು, ಹೆಂಗಸರಾದರೆ ಸ್ಪೋರ್ಟ್ಸ್ ಬ್ರಾ ಪಟ್ಟಿಯ ಕೆಳಗೆ ವ್ಯಾಸಲೀನ್ ಧಾರಾಳವಾಗಿ. ಒದ್ದೆ ಬಟ್ಟೆ ಎರಡು ಗಂಟೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಅದು ಗೊತ್ತಾಗುವುದು ಸ್ನಾನದ ನೀರು ಬಿದ್ದಾಗ. ಶೂ ಕನಿಷ್ಠ 50 ಕಿ.ಮೀ. ಓಡಿ ಪಳಗಿದ್ದಿರಲಿ.

ಊಟ. ಹೋಟೆಲಿನ ಭಾನುವಾರದ ತಿಂಡಿ ಎಂಟಕ್ಕೆ ಮೊದಲು ಸಿಗುವುದು ಅಪರೂಪ. ಓಟ ಒಂಬತ್ತೂವರೆಯ ಸುಮಾರಿಗೆ. ಆದ್ದರಿಂದ ಆರೂವರೆ-ಏಳರೊಳಗೆ ಕೋಣೆಯಲ್ಲೇ ತಿನ್ನಬೇಕು. ಊರಿನಿಂದ ಒಯ್ದ ಗಟ್ಟಿ ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದ್ದು. ಕೋಣೆಯ ಕೆಟಲಿನ ಬಿಸಿನೀರಿನಲ್ಲಿ 100 ಗ್ರಾಂ ನೆನೆಸಿ, ಉಪ್ಪು, ಸ್ವಲ್ಪ ಬೆಲ್ಲ ಹಾಕಿದರೆ 75 ಗ್ರಾಂಗಿಂತ ಹೆಚ್ಚು ಕಾರ್ಬೊಹೈಡ್ರೇಟ್. ಜೊತೆಗೊಂದು ಬಾಳೆಹಣ್ಣು, 60-65 ಕಿಲೋ ತೂಕದವರಿಗೆ ಸಾಕು. ಒಗ್ಗರಣೆ, ಹಸಿಮೆಣಸು, ಮೊಸರು ಬೇಡ. ದಾರಿಯಲ್ಲಿ ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆಯ ಲೋಳೆ) ತಿನ್ನುವವರು ಮನೆಯಲ್ಲಿ ಅಭ್ಯಾಸವಾದ ಕಂಪನಿಯದನ್ನೇ ಒಯ್ಯಿರಿ. ಒಂದರಲ್ಲಿ 22ರಿಂದ 25 ಗ್ರಾಂ ಸಕ್ಕರೆ ಇರುತ್ತದೆ. 40-45 ನಿಮಿಷಕ್ಕೊಂದು, ನೀರಿನ ಮೇಜು ಕಾಣುವಾಗ ತಿಂದರೆ ಹೊಟ್ಟೆಯಲ್ಲಿ ಅಂಟಿ ಕೂರುವುದಿಲ್ಲ. ಸಸ್ಯಾಹಾರಿಗಳು ಒಂದನ್ನು ನೆನಪಿಡಿ. ದಾರಿಬದಿಯಲ್ಲಿ ಮಕ್ಕಳು ಬಟ್ಟಲಲ್ಲಿ ಹಿಡಿದು ನಗುತ್ತ ಕೊಡುವ ಮೆತ್ತನೆಯ ಬಣ್ಣದ ಮಿಠಾಯಿ, ಜೆಲ್ಲಿ ಬೇಬಿ, ಬಹುಪಾಲು ಜಿಲೆಟಿನ್‌ನಿಂದ ಮಾಡಿದ್ದು. ಅಂದರೆ ದನದ ಅಥವಾ ಹಂದಿಯ ಮೂಳೆ-ಚರ್ಮದ ಸಾರ. ಬೇಡವೆನ್ನಲು ಸಂಕೋಚವಾದರೆ ಮಗುವಿನ ಕೈಗೆ ಒಂದು ಚಪ್ಪಾಳೆ ಕೊಟ್ಟು ಮುಂದೆ ಹೋಗಿ, ಅದಕ್ಕೆ ಮಗು ಇನ್ನೂ ಖುಷಿ ಪಡುತ್ತದೆ. ಜೇಬಿನಲ್ಲಿ ನಾಲ್ಕು ಖರ್ಜೂರ ಇಟ್ಟುಕೊಂಡರೆ ಯಾರ ಹಂಗೂ ಇಲ್ಲ.

ಬೆಳಿಗ್ಗೆ ಎಂಟರೊಳಗೆ ಯೂನಿವರ್ಸಿಟಿ ಪಾರ್ಕ್ಸ್ ಹತ್ತಿರ ಇರಿ. ಬ್ಯಾಗ್ ಡ್ರಾಪ್, ಟಾಯ್ಲೆಟ್, ವಿಚಾರಣೆ ಎಲ್ಲ ಆ ಮೈದಾನದ ಕಡೆಗೇ. ಹುಲ್ಲು ಒದ್ದೆ, ಓಟದ ಶೂ ಮೇಲೆ ಎರಡು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡವರು ಜಾಣರು, ಒದ್ದೆ ಕಾಲುಚೀಲದಲ್ಲಿ ಹೊರಟರೆ ಗುಳ್ಳೆ ಖಚಿತ. ಮೊದಲು ಟಾಯ್ಲೆಟ್ ಸಾಲು, ಆಮೇಲೆ ಬ್ಯಾಗು. ಇದನ್ನು ತಿರುವುಮುರುವು ಮಾಡಿದರೆ ಅರ್ಧ ಗಂಟೆ ಸ್ವೆಟರಿನಲ್ಲಿ ನಡುಗುತ್ತ ಸಾಲು ನಿಲ್ಲಬೇಕು. ಆ ಪ್ಲಾಸ್ಟಿಕ್ ಗೂಡುಗಳಲ್ಲಿ ನೀರಿರುವುದಿಲ್ಲ, ಒಂಬತ್ತರ ಹೊತ್ತಿಗೆ ಕಾಗದವೂ ಇರುವುದಿಲ್ಲ. ಒದ್ದೆ ಟಿಶ್ಯೂ ಜೇಬಿನಲ್ಲಿರಲಿ, ಇದನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಬ್ಯಾಗಿನಲ್ಲಿ ಒಣ ಅಂಗಿಯನ್ನು ಎಲ್ಲಕ್ಕಿಂತ ಮೇಲಿಡಿ. ವಾಪಸ್ ಬಂದಾಗ ಬೆರಳು ಸೆಟೆದಿರುತ್ತವೆ, ಹುಡುಕಲು ಆಗುವುದಿಲ್ಲ.

ವೇವ್‌ಗಳು ಒಂದರ ಹಿಂದೊಂದು ಹೊರಡುತ್ತವೆ. ಮುಂದಿನವರು ಹೊರಟು ಇಪ್ಪತ್ತು ನಿಮಿಷವಾದರೂ ನೀವು ಅಲ್ಲೇ ಇದ್ದರೆ ಕಳವಳ ಬೇಡ, ನಿಮ್ಮ ಚಿಪ್‌ನ ಗಡಿಯಾರ ಶುರುವಾಗುವುದು ನೀವು ಗೆರೆ ದಾಟಿದಾಗ. ಆ ಇಪ್ಪತ್ತು ನಿಮಿಷದಲ್ಲಿ ಮನಸ್ಸು ಮಾಡುವ ಚೇಷ್ಟೆ ಮಾತ್ರ ವಿಚಿತ್ರ. ಇದ್ದಕ್ಕಿದ್ದಂತೆ ಮಂಡಿ ನೋಯುತ್ತದೆ, ಮತ್ತೆ ಟಾಯ್ಲೆಟ್ ಬೇಕೆನಿಸುತ್ತದೆ, ಸುತ್ತಲಿನವರೆಲ್ಲ ಒಲಿಂಪಿಕ್ಸಿಗೆ ಬಂದವರಂತೆ ಕಾಣುತ್ತಾರೆ. ಎಲ್ಲರಿಗೂ ಹಾಗೇ ಆಗುತ್ತಿರುತ್ತದೆ.

ಮೊದಲ ಎರಡು ಮೈಲಿಯಲ್ಲಿ ಓಟ ಕೈಬಿಟ್ಟು ಹೋಗುತ್ತದೆ. ಚಳಿ, ಜನರ ಕೂಗು, ತಾಜಾ ಕಾಲು. ಬೆಂಗಳೂರಿನ ಸೆಕೆಯಲ್ಲಿ ಪಳಗಿದವರಿಗಂತೂ ಈ ತಂಪಿನಲ್ಲಿ ರೆಕ್ಕೆ ಬಂದಂತಾಗಿ, ಕಿಲೋಮೀಟರಿಗೆ ಅರ್ಧ ನಿಮಿಷ ಹೆಚ್ಚು ವೇಗದಲ್ಲಿ ಓಡುತ್ತಿದ್ದರೂ ತಿಳಿಯುವುದಿಲ್ಲ. ಆರಂಭಶೂರತ್ವ ಎಂಬ ಮಾತು ಹುಟ್ಟಿದ್ದೇ ಇಂಥ ಓಟಕ್ಕೇನೋ. ಇದೇ ಊರಿನ ಇಫ್ಲಿ ರೋಡ್ ಮೈದಾನದಲ್ಲಿ 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಓಡಿದರು, ನಾಲ್ಕು ನಿಮಿಷದ ಒಳಗೆ ಓಡಿದ ಮೊದಲಿಗರು. ಆ ದಿನವೂ ಮೊದಲ ಸುತ್ತಿನಲ್ಲಿ ಅವರಿಗೆ ನಿಧಾನವೆನಿಸಿ, ಮುಂದೆ ವೇಗ ಕಾಯ್ದುಕೊಡುತ್ತಿದ್ದ ಕ್ರಿಸ್ ಬ್ರಾಷರ್‌ಗೆ ‘ಇನ್ನೂ ಬೇಗ’ ಎಂದು ಕೂಗಿದ್ದರು. ಬ್ರಾಷರ್ ಕೇಳಲಿಲ್ಲ. ಆ ಸುತ್ತು ಆಗಲೇ 57.5 ಸೆಕೆಂಡಿನಲ್ಲಿ ಸಾಗಿತ್ತು. ಬ್ಯಾನಿಸ್ಟರ್‌ಗೇ ತಪ್ಪಿದ ಅಂದಾಜು ನಮಗೆ ತಪ್ಪದಿರುತ್ತದೆಯೆ? ಹಾಗಾಗಿ ಬಾವುಟ ಕಟ್ಟಿಕೊಂಡು ನಿಗದಿತ ವೇಗದಲ್ಲಿ ಓಡುವ ಪೇಸರ್‌ಗಳಿದ್ದರೆ ಅವರ ಹಿಂದೆ ನಿಂತುಬಿಡಿ. ಇಲ್ಲವಾದರೆ ಮೊದಲ ಮೈಲಿಯನ್ನು ಗುರಿಗಿಂತ 15 ಸೆಕೆಂಡ್ ನಿಧಾನವಾಗಿ ಮುಗಿಸಿ.

ದಾರಿ ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಬದಲಾಗುತ್ತದೆ, ಬೆನ್ನೆಲುಬು ಮಾತ್ರ ಅದೇ: ಉತ್ತರಕ್ಕೆ ಬ್ಯಾನ್‌ಬರಿ ರೋಡ್, ಸಮ್ಮರ್‌ಟೌನ್, ಪೂರ್ವಕ್ಕೆ ಹೊರಳಿ ಮಾರ್ಸ್ಟನ್ ಫೆರಿ ರೋಡ್, ಓಲ್ಡ್ ಮಾರ್ಸ್ಟನ್ ಹಳ್ಳಿ, ಮತ್ತೆ ಹಿಂದಕ್ಕೆ. ಬ್ಯಾನ್‌ಬರಿ ರೋಡ್ ಕಣ್ಣಿಗೆ ಸಪಾಟು, ಕಾಲಿಗೆ ಸಣ್ಣ ಏರು. ಎರಡೂ ಬದಿ ಮರಗಳು, ಅಕ್ಟೋಬರಿನ ಎಲೆ ಉದುರಿ ಒದ್ದೆಯಾಗಿ ರಸ್ತೆಯಂಚಿನಲ್ಲಿ ಲೋಳೆಯಂತೆ ಜಾರುತ್ತದೆ. ನಡುವಿನಲ್ಲಿ ಓಡಿ. ನಡುವಿನಲ್ಲೂ ಒಂದು ಅಪಾಯವಿದೆ: ದಾರಿ ದಾಟುವವರಿಗೆಂದು ಕಟ್ಟಿರುವ ಸಣ್ಣ ಕಟ್ಟೆ, ಕಂಬ. ಮುಂದಿನವರ ಬೆನ್ನು ಮರೆಮಾಡಿರುವುದರಿಂದ ಎರಡು ಹೆಜ್ಜೆ ಇರುವಾಗಷ್ಟೇ ಕಾಣುತ್ತವೆ. ಮುಂದಿನವರು ಕೈ ಎತ್ತಿ ಪಕ್ಕಕ್ಕೆ ತೋರಿಸಿದರೆ ಅದೇ ಸೂಚನೆ. ಇದೇ ರಸ್ತೆಯ 78ನೇ ನಂಬರಿನ ಮನೆಯ ಮುಂದೆ ಒಂದು ಕೆಂಪು ಅಂಚೆಪೆಟ್ಟಿಗೆ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯವರ ಮನೆ. ಪದಗಳ ಪತ್ರವ್ಯವಹಾರ ಅಷ್ಟೊಂದಿತ್ತೆಂದು ಅಂಚೆ ಇಲಾಖೆ ಅವರ ಬಾಗಿಲಿಗೇ ಪೆಟ್ಟಿಗೆ ನೆಟ್ಟಿತು. ಅವರು ಇಲ್ಲಿ ಪದ ಕೂಡಿಸುತ್ತಿದ್ದ ಕಾಲದಲ್ಲೇ ಕಿಟ್ಟೆಲ್ಲರ ಕನ್ನಡ ನಿಘಂಟು, 1894ರಲ್ಲಿ, ಮಂಗಳೂರಿನಲ್ಲಿ ಅಚ್ಚಾಗಿ ಬಂತು. ಎರಡನೇ ಮೈಲಿಯೊಳಗೆ ಮನಸ್ಸನ್ನು ವೇಗದಿಂದ ಬೇರೆಡೆಗೆ ಎಳೆಯಲು ಇಷ್ಟು ಸಾಕು.

ನೀರಿನ ಮೇಜುಗಳಲ್ಲಿ ಮೊದಲ ಮೇಜಿಗೇ ಎಲ್ಲರೂ ಮುಗಿಬೀಳುತ್ತಾರೆ. ಕೊನೆಯ ಮೇಜಿನಲ್ಲಿ ಯಾರೂ ಇರುವುದಿಲ್ಲ. ತಂಪಿನಲ್ಲಿ ದಾಹ ಗೊತ್ತಾಗುವುದಿಲ್ಲವೆಂದು ಸಿಕ್ಕಲ್ಲೆಲ್ಲ ಬಾಟಲಿ ಖಾಲಿ ಮಾಡುವುದೂ ತಪ್ಪು; ನಿಧಾನವಾಗಿ ಓಡುವವರು ಬರೀ ನೀರು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ. ಒಂದು ಮೇಜಿಗೆ ನಾಲ್ಕೈದು ಗುಟುಕು ಸಾಕು.

ಮಾರ್ಸ್ಟನ್ ಫೆರಿ ರೋಡಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಊರಿನ ಮನೆಗಳು ಮುಗಿದು, ಎರಡೂ ಬದಿ ಹೊಲ-ಹುಲ್ಲುಗಾವಲು, ಚರ್ವೆಲ್ ಹೊಳೆಯ ಮೇಲೊಂದು ಸೇತುವೆ. ಅಲ್ಲಿಯವರೆಗೆ ಹೆಸರು ಕರೆದು ಕೂಗುತ್ತಿದ್ದ ಜನರೆಲ್ಲ ಮಾಯ. ಕೇಳುವುದು ಶೂಗಳ ಪಟಪಟ ಸದ್ದು ಮತ್ತು ಪಕ್ಕದವರ ಉಸಿರು ಮಾತ್ರ. ಎದುರಿನಿಂದ ಆಗಲೇ ಹಳ್ಳಿ ಸುತ್ತಿ ವಾಪಸ್ ಬರುತ್ತಿರುವ ವೇಗಿಗಳು ಕಾಣಿಸಿ ಹೊಟ್ಟೆಯಲ್ಲಿ ಸಣ್ಣ ಸಂಕಟ. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಹೋಗುವಾಗ ಬೆನ್ನಿಗೆ ನೂಕುತ್ತದೆ, ಬರುವಾಗ ಎದೆಗೆ ಹೊಡೆಯುತ್ತದೆ. ಹೋಗುವಾಗ ಸಿಕ್ಕ ವೇಗವನ್ನು ತಮ್ಮ ಶಕ್ತಿಯೆಂದು ನಂಬಿದವರು ಬರುವಾಗ ನಡೆಯುತ್ತಿರುತ್ತಾರೆ. ವಾಪಸಿನಲ್ಲಿ ನಿಮಗಿಂತ ಅಗಲ ಬೆನ್ನಿನ ಯಾರನ್ನಾದರೂ ಹುಡುಕಿ ಎರಡು ಹೆಜ್ಜೆ ಹಿಂದೆ ಓಡಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಡುವೆ ಓಲ್ಡ್ ಮಾರ್ಸ್ಟನ್, ಕಲ್ಲುಗೋಡೆಯ ಇಕ್ಕಟ್ಟು ಹಳ್ಳಿ. 1646ರಲ್ಲಿ ಅಂತರ್ಯುದ್ಧದ ಕೊನೆಗೆ ರಾಜನ ಪಕ್ಷ ಆಕ್ಸ್‌ಫರ್ಡನ್ನು ಬಿಟ್ಟುಕೊಡುವ ಒಪ್ಪಂದವಾದದ್ದು ಇಲ್ಲಿಯ ಒಂದು ಮನೆಯಲ್ಲಿ. ಶರಣಾಗತಿಗೆ ಜಾಗ ಚೆನ್ನಾಗಿಯೇ ಆರಿಸಿದ್ದಾರೆ ಎಂದು ಅಲ್ಲಿ ನಡೆಯತೊಡಗಿದವರಿಗೆಲ್ಲ ಅನಿಸುತ್ತದೆ.

ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯವಾಗಿ 10ನೇ ಮೈಲಿಯ ಮೇಲೆ. ಹಿಡಿದ ತಕ್ಷಣ ರಸ್ತೆಯ ನಡುವೆ ನಿಲ್ಲಬೇಡಿ, ಹಿಂದಿನವರು ಬಂದು ಬೀಳುತ್ತಾರೆ. ಬದಿಗೆ ಬಂದು ಕಟ್ಟೆಯಂಚಿಗೆ ಮುಂಗಾಲಿಟ್ಟು ಹಿಮ್ಮಡಿ ಕೆಳಗಿಳಿಸಿ ಮೂವತ್ತು ಸೆಕೆಂಡ್ ಎಳೆಯಿರಿ, ಆಮೇಲೆ ಒಂದು ನಿಮಿಷ ನಡೆದು ಗಿಡ್ಡ ಹೆಜ್ಜೆಯಲ್ಲಿ ಮತ್ತೆ ಓಡಿ. ಎದೆ ಹಿಡಿದರೆ, ಕಣ್ಣು ಮಂಜಾದರೆ ಲೆಕ್ಕಾಚಾರ ಬೇಡ. ಹತ್ತಿರದ ಹಳದಿ ಜಾಕೆಟ್ಟಿನ ಸ್ವಯಂಸೇವಕರಿಗೆ ಹೇಳಿ ಕೂತುಬಿಡಿ.

13ನೇ ಮೈಲಿಯ ಫಲಕ ಕಂಡಾಗ ಮುಗಿಯಿತೆಂದು ಎಲ್ಲವನ್ನೂ ಸುರಿಯುವ ಮುನ್ನ, ಅಲ್ಲಿಂದ ಇನ್ನೂ 176 ಮೀಟರ್ ಇದೆ ಎನ್ನುವುದು ನೆನಪಿರಲಿ. ಪಾರ್ಕ್ಸ್ ರೋಡಿನ ಆ ಭಾಗದಲ್ಲಿ ಒಂದು ಬದಿಗೆ ಕೀಬಲ್ ಕಾಲೇಜಿನ ಕೆಂಪು-ಬಿಳಿ ಪಟ್ಟೆಯ ಇಟ್ಟಿಗೆ ಗೋಡೆ, ಎದುರಿಗೆ 1860ರಲ್ಲಿ ಜೀವವಿಜ್ಞಾನಿ ಹಕ್ಸ್‌ಲಿ ಮತ್ತು ಬಿಷಪ್ ವಿಲ್ಬರ್‌ಫೋರ್ಸ್ ಡಾರ್ವಿನ್ ವಾದದ ಮೇಲೆ ಜಟಾಪಟಿ ನಡೆಸಿದ ನಿಸರ್ಗ ವಿಜ್ಞಾನ ಸಂಗ್ರಹಾಲಯ. ಗೆರೆ ದಾಟಿದವರಿಗೆ ಎರಡೂ ಕಾಣುವುದಿಲ್ಲ. ಕಣ್ಣಲ್ಲಿ ನೀರು ಬಂದರೆ ಬರಲಿ, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ನಿಲ್ಲಬೇಡಿ, ನಡೆಯುತ್ತಿರಿ. ಒಮ್ಮೆಲೇ ನಿಂತರೆ ಕಾಲಿನ ರಕ್ತ ಮೇಲೇರದೆ ತಲೆಸುತ್ತಿ ಬೀಳುವವರು ಪ್ರತಿ ಓಟದಲ್ಲೂ ಇರುತ್ತಾರೆ. ಪದಕ, ನೀರು, ತಿನಿಸು ಸಾಲಾಗಿ ಬರುತ್ತವೆ.

ಆಮೇಲಿನ ಕಾಯುವಿಕೆಗೆ ಯಾರೂ ತಯಾರಾಗಿರುವುದಿಲ್ಲ. ಬ್ಯಾಗ್ ಸಾಲು ಇಪ್ಪತ್ತು ನಿಮಿಷವಿರಬಹುದು, ಮೈಯ ಬಿಸಿ ಹತ್ತೇ ನಿಮಿಷದಲ್ಲಿ ಇಳಿಯುತ್ತದೆ. ಹಲ್ಲು ಕಟಕಟ ಅನ್ನತೊಡಗುತ್ತದೆ. ಮನೆಯವರು ಬಂದಿದ್ದರೆ ಒಂದು ಒಣ ಅಂಗಿ ಅವರ ಕೈಯಲ್ಲಿರಲಿ. ಅವರನ್ನು ಎಲ್ಲಿ ಸೇರುತ್ತೀರೆಂದು ಹಿಂದಿನ ದಿನವೇ ಮಾತಾಗಿರಬೇಕು. ಅಷ್ಟು ಜನ ಒಂದೇ ಕಡೆ ಫೋನ್ ತೆಗೆದಾಗ ನೆಟ್‌ವರ್ಕ್ ಸತ್ತಿರುತ್ತದೆ. ‘ಫಿನಿಶ್ ಹತ್ತಿರ’ ಎಂದರೆ ಸಿಗುವುದಿಲ್ಲ, ‘ಮ್ಯೂಸಿಯಂ ಬಾಗಿಲಲ್ಲಿ’ ಎಂದರೆ ಸಿಗುತ್ತೀರಿ. ಫಲಿತಾಂಶದಲ್ಲಿ ಎರಡು ಹೊತ್ತು ಇರುತ್ತವೆ, ಒಂದು ಓಟ ಶುರುವಾದಾಗಿನಿಂದ, ಇನ್ನೊಂದು ನೀವು ಗೆರೆ ದಾಟಿದಾಗಿನಿಂದ. ನಿಮ್ಮದು ಎರಡನೆಯದು, ಚಿಪ್ ಟೈಮ್. ಅರ್ಧ ಗಂಟೆಯೊಳಗೆ ಉಪ್ಪು ಮತ್ತು ಪಿಷ್ಟ ಎರಡೂ ಇರುವ ಏನಾದರೂ ತಿನ್ನಿ. ಅದೇ ರಾತ್ರಿ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಬೇಡ. ದಣಿದ, ನೀರು ಕಳೆದುಕೊಂಡ ಕಾಲು ಹತ್ತು ಗಂಟೆ ಮಡಚಿ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಒಂದು ದಿನವಾದರೂ ಬಿಡುವು ಕೊಡಿ.

ಸಂಜೆಯ ರೈಲಿಗೆ ಟಿಕೆಟ್ ತೆಗೆದವರಿಗೆ ಒಂದು ಲೆಕ್ಕ: ಪಾರ್ಕ್ಸ್ ರೋಡಿನಿಂದ ನಿಲ್ದಾಣಕ್ಕೆ ಸುಮಾರು ಎರಡು ಕಿಲೋಮೀಟರ್. ನಕ್ಷೆ 25 ನಿಮಿಷ ಎನ್ನುತ್ತದೆ. ಅದು ಶನಿವಾರದ ಕಾಲಿಗೆ ಸರಿ. ಭಾನುವಾರದ ಕಾಲಿಗೆ 45 ನಿಮಿಷ ಇಟ್ಟುಕೊಳ್ಳಿ, ನಿಲ್ದಾಣದ ಮೆಟ್ಟಿಲಿಗೆ ಬೇರೆ ಐದು.